ಬಾಲದ ತುಂಡು

ಯುಗಾದಿ ಕಳೆದು ಹುಣಸೆ ಮರಗಳು ಚಿಗುರಿದ್ದವು. ಹಿಂದೂಪುರದ ಮಂಡಿಗೆ ಹೋಗಬೇಕಾದ ಹಣ್ಣು ಇನ್ನೂ ಅಂಗಳದಲ್ಲಿತ್ತು. ಹೇಮಾವತಿ ಅದನ್ನು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಪಕ್ಕದ ಮನೆಯ ಬಾವ ಸುಬ್ಬರಾಯಪ್ಪ ಕೆರೆಯಿಂದ ಬಂದ. ಮೊಣಕಾಲುದ್ದ ಕೆಸರು, ಬಕೀಟಿನಲ್ಲಿ ಒಂದು ಹಾವುಮೀನು.

“ನಿನ್ನ ಒಲೆ ಬೂದಿ ಒಂದು ಬೊಗಸೆ ಕೊಡಮ್ಮ.”

“ಗ್ಯಾಸ್ ಮೇಲೆ ಅನ್ನ ಮಾಡೋಕೇ ಬರಾಕಿಲ್ಲ, ಇದನ್ನೇನ್ ಮಾಡೀಯ ಬಾವ? ಇಲ್ಲಿ ಕೊಡು, ಸಾರು ಕಾಯಿಸಿಕೊಡ್ತೀನಿ.”

“ಸಾರು ಬ್ಯಾಡ ಕಣಮ್ಮ. ನಿಮ್ಮಕ್ಕ ಮಾಡ್ತಿದ್ದಂಗೆ ಹಬೇಲಿ ಬೇಯಿಸ್ಬೇಕು.”

ಸುಬ್ಬರಾಯಪ್ಪನ ಹೆಂಡತಿ, ಅಕ್ಕ ರತ್ನಮ್ಮ ತೀರಿಕೊಂಡು ವರ್ಷ ತುಂಬಿತ್ತು. ಹೇಮಾವತಿ ಎದ್ದು ಬೂದಿ ತಂದಳು. “ಅದು ನಂಗೂ ಗೊತ್ತಿಲ್ಲ. ಅಕ್ಕ ಒಲೆ ಹತ್ರ ಯಾರ್ನೂ ಬಿಟ್ಕೊಳ್ತಿರ್ಲಿಲ್ಲ.”

ಸುಬ್ಬರಾಯಪ್ಪ ಮೀನನ್ನು ಮನೆಗೊಯ್ದು ಬೂದಿಯಲ್ಲಿ ತಿಕ್ಕಿ ತಿಕ್ಕಿ ಲೋಳೆ ಬಿಡಿಸಿದ. ತುಂಡು ಮಾಡಿ ಉಪ್ಪು, ಅರಿಶಿನ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಹುಣಸೆ ಚಿಗುರು ಹಚ್ಚಿದ. ಮುತ್ತುಗದ ಎಲೆಯಲ್ಲಿ ಕಟ್ಟಿ ಇಡ್ಲಿ ಪಾತ್ರೆಯಲ್ಲಿಟ್ಟು ಒಲೆಯ ಮುಂದೆಯೇ ಕುಳಿತ. ಬೆಂದ ಮೇಲೆ ಒಂದು ತುಂಡು ಬಾಯಿಗಿಟ್ಟ. ಉಪ್ಪು ಸರಿಯಿತ್ತು, ಹುಳಿ ಸರಿಯಿತ್ತು. ಆದರೆ ರತ್ನಮ್ಮನದಾಗಿರಲಿಲ್ಲ.

ಕೆರೆಯಲ್ಲಿ ಹಾವುಮೀನು ಹಿಡಿದವರು ಬಾಲದ ತುಂಡನ್ನು ಬೇಯಿಸಿ, ತೂಬು ತೆರೆದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಗೆ ಕೊಡಬೇಕು. ಹೋದ ವರ್ಷ ಸಾವಿನ ಮನೆಯಿಂದ ಅದು ಹೋಗಿರಲಿಲ್ಲ. ಸುಬ್ಬರಾಯಪ್ಪ ಬಟ್ಟಲು ಹಿಡಿದು ಕೆರೆ ಏರಿಯ ಮೇಲೆ ಹೋದಾಗ ನೀರುಗಂಟಿ ವೆಂಕಟರಾಯಪ್ಪ ತೂಬಿನ ಹತ್ತಿರ ಕುಳಿತಿದ್ದ.

“ಹೋದ್ವರ್ಷದ ಬಾಕಿ ತಂದೀನಿ ಕಣಪ್ಪ.”

ವೆಂಕಟರಾಯಪ್ಪ ನಿಧಾನವಾಗಿ ಅಗಿದ. “ಚೆನ್ನಾಗ್ ಬೆಂದೈತೆ. ಆದ್ರೆ ರತ್ನಕ್ಕನ ರುಚಿ ಲೇದು.”

“ಏನ್ ಕಮ್ಮಿ ಹೇಳು.”

“ಹುಚ್ಚೆಳ್ಳು. ಹುರಿದು ಪುಡಿ ಮಾಡಿ ಹಚ್ತಿತ್ತು ರತ್ನಕ್ಕ.”

“ನಿಂಗ್ಯಾರು ಹೇಳಿದ್ದು?”

“ಯಾರ್ ಹೇಳ್ಬೇಕು? ಬಟ್ಲು ಬರಿದು ಕಳಿಸ್ಬಾರ್ದು ಅಂತ ವರ್ಷಾ ವರ್ಷಾ ನಾನೇ ಎರಡು ಹಿಡಿ ಹಾಕ್ತಿದ್ದೆ. ‘ಮುಂದಿನ ಮೀನಿಗೆ ಆಯ್ತು ವೆಂಕಟಣ್ಣ’ ಅನ್ನೋದು. ಹೋದ್ವರ್ಷ ಬಟ್ಲೇ ಬರ್ಲಿಲ್ವಲ್ಲ.”

ಸುಬ್ಬರಾಯಪ್ಪ ಖಾಲಿ ಬಟ್ಟಲನ್ನು ಕೆರೆ ನೀರಿನಲ್ಲಿ ತೊಳೆದ.

“ನಲವತ್ತು ವರ್ಷ ತಿಂದೆ. ಇದ್ರಲ್ಲಿ ಏನೈತೆ ಅಂತ ಒಂದ್ಸಲಾನೂ ಕೇಳ್ಲಿಲ್ಲ.”

“ತಿಂದು ಸುಮ್ಕೆ ಎದ್ದೋಯ್ತಾರೆ ಅಂತ ಬೈಯೋದು ನಿನ್ನ.”

“ಬೈಯೋದಾ?”

“ನಗ್ತಾ ಬೈಯೋದು.”

ವೆಂಕಟರಾಯಪ್ಪ ಗುಡಿಸಲಿನೊಳಗೆ ಹೋಗಿ ಎರಡು ಹಿಡಿ ಹುಚ್ಚೆಳ್ಳು ತಂದು, ತೊಳೆದ ಬಟ್ಟಲಿಗೆ ಹಾಕಿದ.

“ಹೋದ್ವರ್ಷದ್ದು ತೀರ್ತು. ಈ ವರ್ಷದ ಬಾಲ ನಂಗೆ ಬರ್ಬೇಕು, ಮರೀಬ್ಯಾಡ.”

“ಇನ್ನೊಂದು ಸಿಕ್ಕೀತಾ?”

“ಕೆಸರು ಒಣಗೋಗಂಟ ಟೈಮೈತೆ.”

ಸುಬ್ಬರಾಯಪ್ಪ ಒಂದು ಕಾಳೂ ಚೆಲ್ಲದ ಹಾಗೆ ಬಟ್ಟಲನ್ನು ತೂಬಿನ ಕಲ್ಲಿನ ಮೇಲಿಟ್ಟ. ಪಂಚೆ ಎತ್ತಿ ಕಟ್ಟಿಕೊಂಡು ಮತ್ತೆ ಕೆರೆಗಿಳಿದ.