ಎಡ ಭುಜದ ತಂತಿ

ಅಕ್ಕನ ಎದೆಯ ಎಕ್ಸ್-ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಂತಿ ತುಂಡಾದ ಜಾಗವನ್ನು ತಮ್ಮ ಅವಳಿಗೆ ಬೆರಳಿಟ್ಟು ತೋರಿಸಿದ. ಎಡ ಕೊರಳೆಲುಬಿನ ಕೆಳಗೆ ಕೂದಲೆಳೆಯಷ್ಟು ಸಂದು. ಎದೆಬಡಿತದ ಸುದ್ದಿಯನ್ನು ಹತ್ತು ವರ್ಷ ಆಸ್ಪತ್ರೆಗೆ ಹೊತ್ತು ತರಲಿ ಎಂದು ಅವನೇ ರೂಪಿಸಿ ಅವಳ ಎದೆಯೊಳಗೆ ಹಾಕಿಸಿದ ತಂತಿ. ಅದರ ತುದಿಯ ಎಲೆಕ್ಟ್ರೋಡ್ ಹೃದಯದ ಗೋಡೆಗೆ ಚೆನ್ನಾಗಿಯೇ ಕಚ್ಚಿಕೊಂಡಿತ್ತು. ಹದಿನಾಲ್ಕೇ ತಿಂಗಳಿಗೆ ಸುದ್ದಿ ನಿಂತಿತು. ಅಕ್ಕನ ಎದೆ ಆಗೊಮ್ಮೆ ಈಗೊಮ್ಮೆ ಬಡಿತ ತಪ್ಪಿಸಿ ಅವಳನ್ನು ನಿಂತಲ್ಲೇ ಕೆಡವುತ್ತಿತ್ತು. ಇನ್ನು ಬಿದ್ದರೆ ಯಾರಿಗೂ ತಿಳಿಯದು.

ಪ್ರಯೋಗಾಲಯದ ಯಂತ್ರ ಅಂಥದೇ ತಂತಿಯನ್ನು ಕೋಟಿಗಟ್ಟಲೆ ಸಲ ಬಗ್ಗಿಸಿದರೂ ಮುರಿದಿರಲಿಲ್ಲ. ಕೈ ಆಡಿದಷ್ಟೂ ತಂತಿ ಸವೆಯುತ್ತದೆ, ಹೆಚ್ಚು ದುಡಿಯುವ ಕೈಯ ಕಡೆ ಹಾಕಬಾರದೆಂಬುದೂ ಗೊತ್ತಿತ್ತು. ಅದಕ್ಕೆಂದೇ ತಂತಿ ಹಾಕಿಸಿಕೊಳ್ಳುವವರ ಅರ್ಜಿಯಲ್ಲಿ ಪ್ರಶ್ನೆ ಇಟ್ಟಿದ್ದ: ಬರೆಯುವುದು ಯಾವ ಕೈಯಲ್ಲಿ? ಅಕ್ಕ ಬಲಗೈ ಅಂದಿದ್ದಳು, ಅವನು ಹಾಗೇ ತುಂಬಿದ್ದ. ಮಾಸ್ತರು ಗೆಣ್ಣಿಗೆ ಹೊಡೆದೂ ಹೊಡೆದೂ ಅವಳ ಬಲಗೈಗೆ ಪೆನ್ಸಿಲ್ ಹಿಡಿಸಿದ್ದನ್ನು ಹಿಂದಿನ ಬೆಂಚಿನಿಂದ ನೋಡಿದವನೂ ಅವನೇ. ಬರವಣಿಗೆಯೊಂದನ್ನು ಬಿಟ್ಟರೆ ಹುಲ್ಲು ಎತ್ತಿ ಹಾಕುವುದು, ಕಟ್ಟಿಗೆ ಸೀಳುವುದು, ಅವನ ಬೆನ್ನಿಗೆ ಗುದ್ದುವುದು ಎಲ್ಲ ಎಡಗೈಯಲ್ಲೇ.

ಹಳೆಯದನ್ನು ಎಳೆದರೆ ಹೃದಯದ ಗೋಡೆ ಹರಿಯಬಹುದು, ಅದು ಒಳಗೇ ಇರಲಿ, ಬಲಗಡೆಯಿಂದ ಹೊಸದು ಹಾಕಬೇಕು ಎಂದು ವಿವರಿಸಿದ. ಕೊಟ್ಟಿಗೆಯ ಮಾಡು ಸೋರುವ ಸಂಗತಿ ಕೇಳುವವಳಂತೆ ಅಕ್ಕ ಕೇಳಿದಳು.

"ತಪ್ಪು ನಂದೇ ಅಕ್ಕ." ತನ್ನ ದನಿಯೇ ಬೇರೆ ಯಾರದೋ ಅನ್ನಿಸಿತು.

"ನಿಂದೇ. ಇಷ್ಟು ಓದಿ, ಯಾವ ಕೈಯಿಂದ ಗುದ್ದು ತಿಂದೆ ಅಂತ ನೆನಪಿಡ್ಲಿಲ್ಲ ನೀನು."

ಸೋಮವಾರ ನಿಮ್ಮ ಆಸ್ಪತ್ರೆಗೆ ಬರುತ್ತೇನೆ, ಬಲಗಡೆ ಹಾಕಿಬಿಡಿ ಎಂದಳು. ಆಮೇಲೆ, "ಇನ್ನೆಷ್ಟು ಜನಕ್ಕೆ ಹಾಕಿದ್ದೀರಿ?"

"ಹನ್ನೊಂದು."

"ಅವರನ್ನೂ ಬರೆಯೋ ಕೈನೇ ಕೇಳಿದ್ದಾ?"

ಹೌದೆಂದು ತಲೆಯಾಡಿಸಿದ.

"ಮತ್ತೆ ನನ್ನ ಮುಖ ನೋಡ್ತಾ ಏನು ಕೂತಿದ್ದೀಯ?"

ಅಂಗಳಕ್ಕೆ ಹೋಗಿ ಒಬ್ಬೊಬ್ಬರಿಗೇ ಫೋನು ಹಚ್ಚಿದ. ಭಾರ ಎತ್ತುವುದು ಯಾವ ಕೈಯಲ್ಲಿ, ಸುತ್ತಿಗೆ ಹಿಡಿಯುವುದು ಯಾವ ಕೈಯಲ್ಲಿ ಎಂದು ಕೇಳಿದ. ಮೊದಲಿಬ್ಬರು ಬಲಗೈಯವರು. ಮೂರನೆಯವರು ವಯಸ್ಸಾದ ಬಡಗಿ. ಗರಗಸಕ್ಕೆ ಎರಡೂ ಕೈ ಆಗುತ್ತದೆ, ಜಾಸ್ತಿ ಯಾವುದೋ ನೋಡಿಕೊಂಡಿಲ್ಲ ಎಂದರು.

"ತಡಿಯಪ್ಪಾ, ಕುಯ್ದು ನೋಡಿ ಹೇಳ್ತೀನಿ."

ಬೇಡ, ತಂತಿಗೆ ಪೆಟ್ಟಾದೀತು ಅನ್ನುವಷ್ಟರಲ್ಲಿ ಮುದುಕರು ಫೋನನ್ನು ಕೆಳಗಿಟ್ಟಿದ್ದರು. ಆ ಕಡೆ ಗರಗಸ ಮರಕ್ಕೆ ಕಚ್ಚಿ ಓಡತೊಡಗಿತು. ಅವನು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತ.