ಮೂರನೆಯವಳ ಜಾಗ

ಎನಿಡ್ ಹಿತ್ತಲ ಬಾಗಿಲು ತಳ್ಳಿ ಒಳಗೆ ಬಂದು ಬ್ರೆಡ್ಡಿನ ಚೀಲವನ್ನು ಮೇಜಿನ ಮೇಲಿಟ್ಟಾಗ, ಅಲ್ಲಿದ್ದ ಫೋನು ಒಂದೇ ಸಮನೆ ಪಿಟೀಲು ನುಡಿಸುತ್ತಿತ್ತು. ತಂಗಿ ಓಲ್ವೆನ್ ಅದರೆದುರು ಕುರ್ಚಿಯಲ್ಲಿ ತಲೆ ವಾಲಿಸಿ ಕುಳಿತಿದ್ದಳು.

"ಇನ್ನೂ ಹಿಡ್ಕೊಂಡೇ ಇದೀಯೇನೇ? ಎಷ್ಟನೇ ನಂಬರು?"

ಉತ್ತರ ಕೊಟ್ಟದ್ದು ಫೋನು. ನೀವು ಸರದಿಯಲ್ಲಿ ಹದಿನಾರನೆಯವರು, ಎಂದಿತು.

ಎನಿಡ್ ತಂಗಿಯ ಕೈ ಮುಟ್ಟಿದಳು. ತಣ್ಣಗಿತ್ತು. ಆಂಬುಲೆನ್ಸ್ ಕರೆಯಲು ಫೋನಿನತ್ತ ಚಾಚಿದ ಬೆರಳು ಅರ್ಧದಲ್ಲೇ ನಿಂತಿತು. ಕಡಿದರೆ ಸರದಿ ಹೋಗುತ್ತದೆ. ಎಂಬತ್ತೊಂದರ ಆ ಮುದುಕಿ ಓಡಿಹೋಗಿ ಪಕ್ಕದ ಮನೆಯ ಬಾಗಿಲು ಬಡಿದಳು.

ಆಂಬುಲೆನ್ಸಿನವರು ಓಲ್ವೆನ್ನಳ ಮುಖಕ್ಕೆ ಬಟ್ಟೆ ಎಳೆಯುವ ಹೊತ್ತಿಗೆ ಪಿಟೀಲು ನಿಂತು, ಉಯಿಲುಗಳನ್ನು ಊರ್ಜಿತಗೊಳಿಸುವ ಪ್ರೊಬೇಟ್ ಕಚೇರಿಯ ಹುಡುಗಿಯ ದನಿ ಕೇಳಿಸಿತು.

"ಓಲ್ವೆನ್ ಪ್ರಿಚರ್ಡ್ ಅವರಾ?"

"ಅವಳು ತೀರಿಕೊಂಡ್ಲು ಕಣಮ್ಮ. ಈಗಷ್ಟೇ. ನಾನು ಅವಳ ಅಕ್ಕ."

ಹುಡುಗಿ ನಿಜವಾಗಿಯೇ ಮರುಗಿದಳು. ಆಮೇಲೆ ತಡೆದು ತಡೆದು ಹೇಳಿದಳು: "ಗಂಡನ ಉಯಿಲು ನಡೆಸೋ ಹೊಣೆ ಅವರ ಹೆಸರಲ್ಲೇ ಇತ್ತು. ಇನ್ನು ಮಗ ಹೊಸ ಅರ್ಜಿ ಹಾಕ್ಬೇಕು. ಮೊದಲಿಂದ."

"ಹದಿಮೂರು ತಿಂಗಳಾಯ್ತಲ್ಲಮ್ಮ!"

"ಗೊತ್ತು. ಕ್ಷಮಿಸಿ."

*

ಮೂರು ವಾರ ಕಳೆದು, ಶುಕ್ರವಾರ, ಚಾಪೆಲ್ಲಿನಲ್ಲಿ ಓಲ್ವೆನ್ನಳ ಪೆಟ್ಟಿಗೆಯ ಮುಂದೆ ಜನ ಹಾಡುತ್ತಿದ್ದರು. ಹಿಂದಿನ ಕೋಣೆಯಲ್ಲಿ ಅವಳ ಮಗ ಎಮ್ರಿಸ್ ದೊಡ್ಡಮ್ಮನೆದುರು ಟೋಪಿ ತಿರುಗಿಸುತ್ತ ನಿಂತಿದ್ದ.

"ಪುರಸಭೆಯವರು ಬೆಳಿಗ್ಗೆ ಕೊನೇ ಮಾತು ಹೇಳಿಬಿಟ್ರು ದೊಡ್ಡಮ್ಮ. ಆ ಗೋರಿ ಅಪ್ಪನ ಹೆಸರಲ್ಲಿದೆ. ಅವರದ್ದಾಗಿದ್ದರಿಂದ ಅವರನ್ನ ಹೂಳೋಕೆ ಬಿಟ್ರಂತೆ. ಈಗ ಅಮ್ಮನಿಗಾಗಿ ಅಗೀಬೇಕಂದ್ರೆ ಅದು ನನ್ನ ಹೆಸರಿಗೆ ಆಗಬೇಕು. ಅದಕ್ಕೆ ಪ್ರೊಬೇಟ್ ಪತ್ರ ಬೇಕು."

"ಹೆಂಡತೀನ ಗಂಡನ ಹತ್ರ ಮಲಗಿಸೋಕೆ ಪತ್ರ!" ಎಂದಳು ಎನಿಡ್.

ಬಾಗಿಲಲ್ಲಿ ನಿಂತಿದ್ದ ಐವರ್ ಗೊಣಗಿದ. ಅವನು ಓಲ್ವೆನ್ನಳ ಗಂಡ ಗ್ವಿಲಿಮ್ ಓಡಿಸುತ್ತಿದ್ದ ಬಸ್ಸಿನಲ್ಲಿ ಇಪ್ಪತ್ತು ವರ್ಷ ಟಿಕೆಟು ಹರಿದವನು. "ಗ್ವಿಲಿಮನ ಬಸ್ಸು ಹತ್ತು ನಿಮಿಷ ತಡ ಆದ್ರೆ ಈ ಕಣಿವೇನೇ ಎದ್ದು ಬೈತಿತ್ತು. ಇವರನ್ನ ಬಯ್ಯೋರೇ ಇಲ್ವಾ?"

"ಹೊಸ ಸಾಲಲ್ಲಿ ಒಂದು ಗುಂಡಿ ತೋಡಿಸಿಟ್ಟಿದಾರೆ," ಎಂದ ಎಮ್ರಿಸ್. "ಇವತ್ತೇ ಹೂಳಬಹುದು. ಆದ್ರೆ ಹೂತ ಮೇಲೆ ಎತ್ತೋದು ಸುಲಭ ಅಲ್ಲ. ಇಲ್ಲಾಂದ್ರೆ ಪತ್ರ ಬರೋವರೆಗೂ ಶೀತಲ ಕೋಣೇಲೇ ಇಡ್ಬೇಕು. ಪೆಟ್ಟಿಗೆ ಹೊರೋರು ಕೇಳ್ತಿದಾರೆ. ಈ ಹಾಡು ಮುಗಿಯೋದ್ರೊಳಗೆ ನೀವೇ ಹೇಳ್ಬೇಕು ದೊಡ್ಡಮ್ಮ."

ಎನಿಡ್ ಐವರನ ಹೆಗಲಾಚೆ ಪೆಟ್ಟಿಗೆಯತ್ತ ನೋಡಿದಳು. ತಡವಾಗಲು ಮೊದಲ ಕಾರಣ ಅವಳೇ.

*

ಗ್ವಿಲಿಮ್ ಸತ್ತ ವಾರ ಉಯಿಲನ್ನು ಪ್ರತಿ ಮಾಡಿಸಲು ಒಯ್ದವಳು ಎನಿಡ್. ನಲವತ್ತು ವರ್ಷ ಚಾಪೆಲ್ಲಿನ ಕಾಗದಪತ್ರ ನೋಡಿಕೊಂಡ ಕೈ. ಪಿನ್ನು ತುಕ್ಕು ಹಿಡಿದಿತ್ತು. ಕಾಗದಕ್ಕೆ ಕಲೆಯಾದೀತೆಂದು ಕಿತ್ತು ಹೊಸದು ಹೊಡೆದಳು. ಐದು ತಿಂಗಳ ಮೇಲೆ ಕಚೇರಿಯಿಂದ ಪತ್ರ ಬಂತು: ಉಯಿಲಿನಲ್ಲಿ ಎರಡು ಜೋಡಿ ತೂತುಗಳಿವೆ, ಹಾಳೆ ಬದಲಾಗಿರಬಹುದು, ಪಿನ್ನು ಕಿತ್ತವರು ಪ್ರಮಾಣ ಮಾಡಿ ಬರೆದುಕೊಡಬೇಕು. ಎನಿಡ್ ಬೈಬಲ್ಲು ಮುಟ್ಟಿ ಬರೆದುಕೊಟ್ಟಳು. ಅರ್ಜಿ ಮತ್ತೆ ಸಾಲಿನ ತುದಿಗೆ ಹೋಯಿತು.

ಅಂದು ಅವಳು ಅತ್ತರೆ ಓಲ್ವೆನ್ ನಕ್ಕಿದ್ದಳು. "ನಿನ್ನ ಸ್ವರ್ಗಕ್ಕೆ ಬಿಟ್ರೆ ಮೋಡಕ್ಕೂ ಇಸ್ತ್ರಿ ಹಾಕ್ತೀಯ ಕಣೆ."

ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು ಓಲ್ವೆನ್. ಪ್ರತಿ ಮಂಗಳವಾರ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಆ ಪಿಟೀಲಿಗೆ ದನಿ ಸೇರಿಸುತ್ತ ಕೇಕು ಬೇಯಿಸುತ್ತಿದ್ದಳು.

"ಮನೆ ಬರಲಿ ಬಿಡಲಿ ಅಕ್ಕ, ನಂಗೆ ಆ ಗೋರಿ ಸಾಕು. ಕೆಳಗೆ ನನ್ನ ಮಗಳು ನಿಯಾ. ನಾಲ್ಕು ವರ್ಷದ ಮಗು, ಐವತ್ತು ವರ್ಷ ಕತ್ತಲಲ್ಲಿ ಒಬ್ಬಳೇ ಇತ್ತು. ಅದರ ಮೇಲೆ ಅವನು. ಬಸ್ಸಿನೋನಲ್ವಾ, ಮೇಲಿನ ಮಹಡಿ ನಂಗೆ ಬಿಟ್ಟಿದಾನೆ."

*

ಹಾಡಿನ ಕೊನೆಯ ಚರಣ ಶುರುವಾಯಿತು.

"ಹೊಸ ಗುಂಡಿ ಮುಚ್ಚಿಸು," ಎಂದಳು ಎನಿಡ್.

"ಇನ್ನೂ ಒಂಬತ್ತು ತಿಂಗಳಾಗಬಹುದು ದೊಡ್ಡಮ್ಮ. ನಿಮಗೆ..."

"ನಾನಿರ್ತೀನೋ ಇಲ್ವೋ ಅದು ಬೇರೆ. ಅವಳನ್ನ ಗುರುತಿಲ್ಲದೋರ ಮಧ್ಯೆ ಮಲಗಿಸಲ್ಲ. ಕಾಯೋಣ."

ಆ ಊರಲ್ಲಿ ಮಣ್ಣಿಗೆ ಹೋಗುವುದು ಗಂಡಸರು. ಹೆಂಗಸರು ಚಾಪೆಲ್ಲಿನಲ್ಲೇ ಉಳಿದು ಚಹಾಕ್ಕೆ ನೀರಿಡುವುದು. ಪೆಟ್ಟಿಗೆ ಕಾರಿಗೇರಿದ ಮೇಲೆ ಗಂಡಸರು ಎಂದಿನಂತೆ ಟೋಪಿ ಕೈಯಲ್ಲಿ ಹಿಡಿದು ಗುಡ್ಡದ ದಾರಿಗೆ ಸಾಲಾಗಿ ನಿಂತರು. ಕಪ್ಪು ಕಾರು ಮೆಲ್ಲನೆ ಹೊರಟಿತು. ಸ್ಮಶಾನ ಗುಡ್ಡದ ಮೇಲಿತ್ತು. ಕಾರು ಕೆಳಕ್ಕೆ, ಪೇಟೆಯ ಕಡೆಗೆ ತಿರುಗಿತು. ಹಿಂದೆ ನಡೆಯಬೇಕೋ ಬೇಡವೋ ತಿಳಿಯದೆ ಮೂವತ್ತು ಜನ ಬೀದಿಯಲ್ಲೇ ನಿಂತರು. ಯಾರೂ ಟೋಪಿ ಹಾಕಿಕೊಳ್ಳಲಿಲ್ಲ.

ಎನಿಡ್ ಅವರ ನಡುವೆ ಬಂದು ನಿಂತಳು. ಹೆಂಗಸು ಅಲ್ಲಿಗೆ ಬಂದದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಕಾರು ತಿರುವಿನಲ್ಲಿ ಮರೆಯಾಯಿತು. ಅವಳು ಕಣ್ಣು ಮುಚ್ಚಿದಳು.

"ತಂದೆಯೇ, ನಮ್ಮ ಓಲ್ವೆನ್ ಬರುತ್ತಿದ್ದಾಳೆ. ಅವಳ ಕೈಯಲ್ಲಿ ಯಾವ ಪತ್ರವೂ ಇಲ್ಲ. ನಿನ್ನ ಬಾಗಿಲಲ್ಲಾದರೂ ಅವಳನ್ನು ನಿಲ್ಲಿಸಬೇಡ. ಶಾಂತಿಯಿಂದ ಒಳಗೆ ಕರೆದುಕೋ. ಆಮೆನ್."