ಬಿಳಿ ಮೋಡದ ಗೋಡೆ

ಗಂಡ ದೇವದಾಸ್ ಅಮ್ಮನ್ನ ತೀರಿಕೊಂಡ ಮೇಲೆ ಜಯಶೀಲಳಿಗೆ ಮೋಡ ಎಂಬ ಮಾತೇ ಹೇಸಿಗೆಯಾಯಿತು.

ಅವರದು ಕೆಲಸಕ್ಕೆಂದು ಡೊಂಬಿವಲಿಗೆ ಬಂದು ನೆಲೆಸಿದ ಉಡುಪಿ ಕಡೆಯ ಪ್ರೊಟೆಸ್ಟಂಟ್ ಕುಟುಂಬ. ಅಲ್ಲಿನ ಕನ್ನಡ ಕ್ರೈಸ್ತ ಸಭೆ ಭಾನುವಾರ ಒಂದು ಹಳೆಯ ಹಾಲ್‌ನಲ್ಲಿ ಸೇರುತ್ತಿತ್ತು. ಅಲ್ಲಿ ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸುತ್ತಿದ್ದವಳು ಜಯಶೀಲ. ಬೈಬಲಿನ ಮೋಡಗಳು ಅವಳ ಇಷ್ಟದ ಪಾಠ. ಮರುಭೂಮಿಯಲ್ಲಿ ಹಗಲೆಲ್ಲ ಜನರ ಮುಂದೆ ಕಂಬದ ಹಾಗೆ ನಡೆದ ಮೋಡ, ಸೀನಾಯಿ ಬೆಟ್ಟವನ್ನು ಮುಚ್ಚಿದ ಕಾರ್ಮೋಡ, ಸೊಲೊಮೋನನ ದೇವಾಲಯದೊಳಗೆ ತುಂಬಿ ಯಾಜಕರಿಗೆ ನಿಲ್ಲಲೂ ಬಿಡದ ಮೋಡ. ಎಲೀಯನ ಕಾಲದಲ್ಲಿ ಸಮುದ್ರದ ಮೇಲೆ ಅಂಗೈಯಷ್ಟಗಲದ ಮೋಡ ಎದ್ದು ಬರಗಾಲ ಮುಗಿಸಿದ್ದನ್ನು ಹೇಳುವಾಗ ತನ್ನ ಅಂಗೈಯನ್ನೇ ಎತ್ತಿ ತೋರಿಸುತ್ತಿದ್ದಳು. "ಮೋಡ ಬಂತು ಅಂದ್ರೆ ದೇವರು ತೀರಾ ಹತ್ತಿರ ಬಂದಿದ್ದಾನೆ ಅಂತ. ನಮ್ಮ ಕಣ್ಣು ತಡೆಯುವುದಿಲ್ಲ ಅಂತ ಮರೆ ಹಿಡಿದಿದ್ದಾನೆ, ಅಷ್ಟೇ."

2009ರಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ, ದೇವದಾಸ್ ಕೆಲಸ ಮಾಡುತ್ತಿದ್ದ ಬಣ್ಣದ ಫ್ಯಾಕ್ಟರಿಯಲ್ಲಿ ಆಸಿಡ್ ಪೈಪ್ ಒಡೆಯಿತು. ಶೆಡ್ ತುಂಬ ಕಂದು ಹೊಗೆ. ವಾಲ್ವ್ ಮುಚ್ಚಲು ಒಳಗೆ ಹೋದವನು ಅವನೇ. ಸಂಜೆ ನಡೆದುಕೊಂಡೇ ಮನೆಗೆ ಬಂದ, ಊಟ ಬೇಡವೆಂದು ಮಲಗಿದ. ಅವನ ಅಂಗಿಯ ವಾಸನೆಗೆ ಮಗಳು ನಿಶ್ಮಿತಾ ಮೂಗು ಮುಚ್ಚಿಕೊಂಡಳು. ಬೆಳಗಾಗುವಷ್ಟರಲ್ಲಿ ಅವನ ಬಾಯಿಂದ ಗುಲಾಬಿ ಬಣ್ಣದ ನೊರೆ ಬರತೊಡಗಿತು. ಜಯಶೀಲ ಒರೆಸಿದಷ್ಟೂ ಬಂತು. ಆಸ್ಪತ್ರೆಯಲ್ಲಿ ಅವನು ಒಂದು ಮಾತನ್ನು ಮಾತ್ರ ಪೂರ್ತಿಯಾಗಿ ಆಡಿದ: "ಸಾಲಿನ್ಸ್ ಅಣ್ಣ ಒಳಗೆ ಹೋಗು ಅಂದ್ರು. ಅವರು ಮಾಸ್ಕ್ ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ರು."

ಯಶ್ವಂತ್ ಸಾಲಿನ್ಸ್ ಆ ಫ್ಯಾಕ್ಟರಿಯ ಸೂಪರ್‌ವೈಸರ್. ಕನ್ನಡ ಸಭೆಯ ಹಿರಿಯನೂ ಅವನೇ. ಮಣ್ಣು ಮಾಡುವ ದಿನ ಪ್ರಾರ್ಥಿಸಲು ಎದ್ದು ನಿಂತವನು, ಯೇಸು ಸ್ವರ್ಗಕ್ಕೇರುವಾಗ ಮೋಡ ಬಂದು ಆತನನ್ನು ಶಿಷ್ಯರ ಕಣ್ಣಿಗೆ ಮರೆಮಾಡಿದಂತೆ, ನಮ್ಮ ದೇವದಾಸನನ್ನೂ ಒಂದು ಮೋಡ ಎತ್ತಿಕೊಂಡಿತು ಎಂದ. ಹೆಂಗಸರು ಬಿಕ್ಕಿದರು. ಜಯಶೀಲ ಎದ್ದು ಗೇಟಿನ ಆಚೆ ಹೋಗಿ ಗಟಾರಕ್ಕೆ ವಾಂತಿ ಮಾಡಿದಳು. ದುಃಖಕ್ಕೆ ಹೀಗಾಯಿತೆಂದು ಯಾರೋ ಅವಳ ಬೆನ್ನು ಸವರಿದರು.

ಆಮೇಲೆ ಪಾಸ್ಟರ ಬಳಿ ಹೋಗಿ ಗಂಡನ ಮಾತನ್ನು ಹೇಳಿದಳು. ಅವರು "ಸಭೆ ಒಡೆಯುವುದು ಬೇಡಮ್ಮ, ದೇವರಿಗೆ ಬಿಡಿ" ಎಂದರು. ಅವಳು ಸಂಡೇ ಸ್ಕೂಲ್ ಬಿಡಲಿಲ್ಲ. ಮೋಡದ ಪಾಠಗಳನ್ನು ಮಾತ್ರ ಬಿಟ್ಟಳು.

ಮರುವರ್ಷ ಪೀಠದ ಹಿಂದಿನ ಗೋಡೆಗೆ ಸ್ವರ್ಗಾರೋಹಣದ ಚಿತ್ರ ಬರೆಸುವುದೆಂದಾಯಿತು. ಬರೆಯಲು ಬಂದವನು ಕಿಟ್ಟು. ಹೋಟೆಲುಗಳ ಬೋರ್ಡ್ ಬರೆಯುವ ಕುಂದಾಪುರದ ಹಿಂದೂ ಹುಡುಗ. ಶನಿವಾರ ಮಧ್ಯಾಹ್ನ ಜಯಶೀಲ ಮಕ್ಕಳ ಪುಸ್ತಕ ಜೋಡಿಸಿಡಲು ಹೋದಾಗ ಅವನು ಏಣಿಯ ಮೇಲಿದ್ದ. ಗೋಡೆಯ ತುಂಬ ಬಿಳಿ ಮೋಡ, ಸೋಪಿನ ನೊರೆಯ ಹಾಗೆ ಉಬ್ಬಿತ್ತು. ಅವಳು ಮುಖ ತಿರುಗಿಸಿ ಪುಸ್ತಕ ಜೋಡಿಸತೊಡಗಿದಳು.

"ಅಕ್ಕ, ನಿಮ್ಮ ಪುಸ್ತಕದಲ್ಲಿ ಮೋಡ ಹೀಗೇ ಉಂಟಾ?" ಕಿಟ್ಟು ಕೇಳಿದ. "ಸಾಲಿನ್ಸ್ ಸಾಹೇಬ್ರು ಕ್ಯಾಲೆಂಡರ್ ಕೊಟ್ರು. ನಾನು ಅದನ್ನೇ ನೋಡಿ ಮಾಡಿದ್ದು."

"ಹೀಗೆ ಅಂತ ಎಲ್ಲೂ ಬರೆದಿಲ್ಲ," ಎಂದಳು. "ಕಪ್ಪು ಇತ್ತು ಅಂತ ಉಂಟು. ಬೆಳಕು ತುಂಬಿತ್ತು ಅಂತಲೂ ಉಂಟು."

"ಕೆಳಗೆ ಹೆಸರು ಬರೆದಿದ್ದೇನೆ. ಸರಿ ಉಂಟಾ ಸ್ವಲ್ಪ ನೋಡಿ."

ಅವಳು ಬಗ್ಗಿ ಓದಿದಳು. *ಮೋಡದೊಳಗೆ ಕರೆಯಲ್ಪಟ್ಟ ದೇವದಾಸ್ ಅಮ್ಮನ್ನರ ನೆನಪಿಗೆ, ಯಶ್ವಂತ್ ಸಾಲಿನ್ಸ್ ಮತ್ತು ಕುಟುಂಬ.*

ಅಷ್ಟರಲ್ಲಿ ಸಾಲಿನ್ಸ್ ಬಂದ. ಕೈಯಲ್ಲಿ ವಡಾಪಾವ್ ಪೊಟ್ಟಣ. ಒಂದನ್ನು ಕಿಟ್ಟುವಿಗೆ ಕೊಟ್ಟು, ಇನ್ನೊಂದನ್ನು ತಾನೇ ಕಚ್ಚಿದ. ಎಣ್ಣೆ ಅವನ ಗಲ್ಲಕ್ಕೆ ಇಳಿಯಿತು.

"ನಾಳೆ ಚಿತ್ರದ ಪರದೆ ನೀನೇ ಎಳೀಬೇಕು ಜಯಶೀಲ," ಎಂದ ಅಗಿಯುತ್ತ. "ನಿನಗೆ ಸಮಾಧಾನ ಆಗ್ಲಿ ಅಂತಲೇ ಮಾಡ್ಸಿದ್ದು."

"ಅವರ ಹೆಸರು ತೆಗೆಸಿ, ಅಣ್ಣ."

"ಯಾಕೆ? ಗೌರವ ಅಲ್ವಾ?"

"ಅವರನ್ನು ಒಳಗೆ ಕಳಿಸಿದವರು ನೀವು. ಮಾಸ್ಕ್ ನಿಮ್ಮ ಮುಖದ ಮೇಲಿತ್ತು."

ಸಾಲಿನ್ಸ್ ಅಗಿಯುವುದನ್ನು ನಿಲ್ಲಿಸಿದ. ಸಾಲಿನ್ಸ್ ತುತ್ತು ನುಂಗಿ, ಬಾಯಿ ಒರೆಸಿಕೊಂಡು, ಮೆಲ್ಲಗೆ ಹೇಳಿದ: "ಒಂದೇ ಇತ್ತು, ಜಯಶೀಲ."

ಅವನು ಸುಳ್ಳು ಹೇಳುವನೆಂದು ಅವಳು ಎಣಿಸಿದ್ದಳು. ಸುಳ್ಳು ಹೇಳಿದ್ದರೆ ಕೂಗಾಡಬಹುದಿತ್ತು. ಆ ಎಣ್ಣೆ ಬಾಯಿಂದ ಇಷ್ಟು ಸಲೀಸಾಗಿ ಬಂದ ನಿಜ ಅವಳಿಗೆ ಇನ್ನೂ ಹೇಸಿಗೆಯಾಯಿತು. ಅವನು ಹೆಗಲ ಮೇಲೆ ಕೈಯಿಡಲು ಬಂದಾಗ ಹಿಂದೆ ಸರಿದಳು.

"ಮುಟ್ಟಬೇಡಿ."

ಕಿಟ್ಟು ಬಣ್ಣ ಒರೆಸುವ ಟರ್ಪೆಂಟೈನ್ ಬಟ್ಟೆ ನೆಲದ ಮೇಲಿತ್ತು. ಅದನ್ನೆತ್ತಿ, ಇನ್ನೂ ಹಸಿಯಿದ್ದ ಅಕ್ಷರಗಳ ಮೇಲೆ ಉಜ್ಜಿದಳು. ದೇವದಾಸನ ಹೆಸರು ನೀಲಿ ಕಲೆಯಾಗಿ ಮೋಡದ ಅಂಚಿಗೆ ಹರಡಿತು. ಸಾಲಿನ್ಸನ ಹೆಸರನ್ನು ಅವಳು ಮುಟ್ಟಲಿಲ್ಲ.

"ಸಾಹೇಬ್, ಅಬ್ ಕ್ಯಾ ಕರೂಂ?" ಈಗೇನು ಮಾಡಲಿ ಎಂದು ಹಿಂದಿಯಲ್ಲಿ ಕೇಳಿದ ಕಿಟ್ಟು. ಸಾಲಿನ್ಸ್ ಬಿಳಿ ಬಣ್ಣದ ಡಬ್ಬ ತೋರಿಸಿದ.

ಭಾನುವಾರ ಪರದೆ ಎಳೆದವನು ಸಾಲಿನ್ಸ್. ಕಲೆಯ ಮೇಲೆ ಮತ್ತಷ್ಟು ಬಿಳಿ ಬಳಿಸಿದ್ದ. ಪಾಸ್ಟರು ಮೋಡದ ವಿಷಯ ತೆಗೆದು ಬೋಧನೆಯ ಪ್ರಸಂಗ ಶುರುಮಾಡಿದರು. ಹಿಂದಿನ ಸಾಲಿನಲ್ಲಿದ್ದ ಜಯಶೀಲ ನಿಶ್ಮಿತಾಳ ಕೈ ಹಿಡಿದು ಎದ್ದಳು.

"ಮಮ್ಮಿ, ಕಹಾಂ?"

"ಹೊರಗೆ. ಬಾ."

ಆಮೇಲೆ ಅವರಿಬ್ಬರು ಪಕ್ಕದ ಊರು ಕಲ್ಯಾಣದ ಒಂದು ಮರಾಠಿ ಸಭೆಗೆ ಹೋಗತೊಡಗಿದರು. ಜಯಶೀಲಳಿಗೆ ಅಲ್ಲಿನ ಪ್ರಸಂಗ ಅರ್ಧ ತಿಳಿಯುತ್ತಿರಲಿಲ್ಲ, ಹಾಡುಗಳ ರಾಗವೂ ಬೇರೆ. ಡೊಂಬಿವಲಿಯಲ್ಲಿ ಅವಳಿಗೆ ಸೊಕ್ಕು ಎಂದು ಆಡಿಕೊಂಡರು. ಸಾಲಿನ್ಸ್ ಸಭೆಯ ಕಾರ್ಯದರ್ಶಿಯಾದ. ಕಲ್ಯಾಣದ ಆ ಚರ್ಚಿನ ಗೋಡೆಗೆ ಬರೀ ಸುಣ್ಣ ಹೊಡೆದಿತ್ತು, ಯಾವ ಚಿತ್ರವೂ ಇರಲಿಲ್ಲ. ಅಲ್ಲಿ ಅವಳು ಕಣ್ಣು ತೆರೆದೇ ಪ್ರಾರ್ಥಿಸುತ್ತಿದ್ದಳು.